ಕ್ಯಾಲ್ಸಿಯಂ ಸ್ಕೋರ್ ಹೆಚ್ಚು ಬಂದಾಗ ಕೊಲೆಸ್ಟ್ರಾಲ್ ಗುಳಿಗೆಯನ್ನು ತೂಗಿ ನೋಡುವ ಬಗೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರವೂ, 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗಲೂ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಇಸಿಜಿ, ಎಕೋ, ಟಿಎಂಟಿಗಳ ಜೊತೆಗೆ ಹೃದಯದ ನಾಳಗಳಲ್ಲಿ ಕಟ್ಟಿದ ಕ್ಯಾಲ್ಸಿಯಂ ಅಳೆಯುವ ಸಿ.ಟಿ. ಕ್ಯಾಲ್ಸಿಯಂ ಸ್ಕೋರ್ ಎಂಬ ಪರೀಕ್ಷೆಯೂ ಈಗ ನಗರಗಳ ಹೃದಯ ತಪಾಸಣೆಯ ಪ್ಯಾಕೇಜುಗಳಲ್ಲಿ ಸೇರಿಕೊಂಡಿದೆ. ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿದ್ದವರ ಕೈಗೆ ಒಂದು ದಿನ ‘ಸ್ಕೋರ್ 180’ ಅಥವಾ ‘ಸ್ಕೋರ್ 420’ ಎಂಬ ವರದಿ ಬಂದಾಗ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಕೂಡಲೇ ಆಂಜಿಯೋಗ್ರಾಮ್ ಮಾಡಿಸೋಣ ಎನ್ನುವುದು ಒಂದು. ನೋವೇ ಇಲ್ಲವಲ್ಲ, ಜೀವನಪೂರ್ತಿ ಗುಳಿಗೆ ಏಕೆ ನುಂಗಬೇಕು ಎನ್ನುವುದು ಇನ್ನೊಂದು. ಈ ಎರಡರ ನಡುವೆ ಲೆಕ್ಕ ಹಾಕಿ ತೀರ್ಮಾನಿಸುವ ದಾರಿಯೊಂದಿದೆ. ಅದನ್ನು ಹಂತಹಂತವಾಗಿ ಹೇಳುವುದು ಈ ಲೇಖನದ ಉದ್ದೇಶ. ಅಂತಿಮ ನಿರ್ಧಾರವನ್ನು ನಿಮ್ಮ ವೈದ್ಯರೊಂದಿಗೆ ಕೂತೇ ಮಾಡಬೇಕು. ಆದರೆ ಆ ಮಾತುಕತೆಗೆ ಸಿದ್ಧರಾಗಿ ಹೋದರೆ ಹತ್ತು ನಿಮಿಷದ ಭೇಟಿಯಲ್ಲೂ ಬೇಕಾದ ಉತ್ತರಗಳನ್ನು ಪಡೆದು ಬರಬಹುದು.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಈ ಮಾರ್ಗದರ್ಶಿ ಹೃದಯದ ಯಾವ ಲಕ್ಷಣವೂ ಇಲ್ಲದವರಿಗೆ ಮಾತ್ರ. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ ನಿಂತರೆ ಸರಿಹೋಗುವುದು, ಹೊಸದಾಗಿ ಉಸಿರು ಕಟ್ಟುವುದು, ದವಡೆಗೋ ಎಡಗೈಗೋ ಹರಿಯುವ ನೋವು ಇವು ಇದ್ದರೆ ಹೃದ್ರೋಗ ತಜ್ಞರನ್ನು ಬೇಗ ಕಾಣಬೇಕು. ಎದೆನೋವು ಬೆವರಿನೊಂದಿಗೆ ಬಂದು ಕೆಲವು ನಿಮಿಷಗಳಲ್ಲಿ ಕಡಿಮೆಯಾಗದಿದ್ದರೆ ಗ್ಯಾಸ್ಟ್ರಿಕ್ ಎಂದುಕೊಂಡು ಕಾಯಬೇಡಿ, 108ಕ್ಕೆ ಕರೆ ಮಾಡಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ ಎಂಬುದು ಊರಿನಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಮೊದಲ ಹೆಜ್ಜೆ: ವರದಿಯನ್ನು ಸರಿಯಾಗಿ ಓದಿಕೊಳ್ಳುವುದು

ಈ ಅಂಕಿಗೆ ಅಗಾಟ್‌ಸ್ಟನ್ ಸ್ಕೋರ್ ಎಂಬ ಹೆಸರೂ ಇದೆ. 1990ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕುವ ವಿಧಾನವನ್ನು ಪ್ರಕಟಿಸಿದರು. ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳ ಗೋಡೆಯಲ್ಲಿ 130 ಹೌನ್ಸ್‌ಫೀಲ್ಡ್ ಮಾನಕ್ಕಿಂತ (ಸಿ.ಟಿ.ಯಲ್ಲಿ ದಟ್ಟಣೆ ಅಳೆಯುವ ಮಾನ) ದಟ್ಟವಾಗಿ ಹೊಳೆಯುವ ಚುಕ್ಕೆಗಳನ್ನು ಕ್ಯಾಲ್ಸಿಯಂ ಎಂದು ಗುರುತಿಸಿ, ಅವುಗಳ ವಿಸ್ತೀರ್ಣವನ್ನು ದಟ್ಟಣೆಗೆ ತಕ್ಕಂತೆ 1ರಿಂದ 4ರವರೆಗಿನ ಅಂಕಿಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವೇ ನಿಮ್ಮ ಸ್ಕೋರ್. ಇದಕ್ಕೆ ಚುಚ್ಚುಮದ್ದೂ ಬೇಡ, ಬಣ್ಣದ ದ್ರವವೂ ಬೇಡ. ವಿಕಿರಣದ ಪ್ರಮಾಣ ಸುಮಾರು 1 ಮಿಲಿಸೀವರ್ಟ್, ಅಂದರೆ ಒಂದು ವರ್ಷದಲ್ಲಿ ನೆಲ, ಆಕಾಶಗಳಿಂದ ನಮಗೆ ಸಹಜವಾಗಿ ಸಿಗುವುದಕ್ಕಿಂತ ಕಡಿಮೆ.

ವರದಿಯ ಕೊನೆಯ ಸಾಲಿನ ಮೊತ್ತವನ್ನು ಮಾತ್ರ ನೋಡಿ ಕಾಗದ ಮಡಚಿಡುವವರೇ ಹೆಚ್ಚು. ಅದರ ಮೇಲೆ ನಾಲ್ಕು ಸಾಲಿನ ಒಂದು ಪಟ್ಟಿ ಇರುತ್ತದೆ: ಎಲ್‌ಎಂ, ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ. ಮೊದಲನೆಯದು ಎಡ ಮುಖ್ಯ ನಾಳ, ಎರಡನೆಯದು ಅದರಿಂದ ಕವಲೊಡೆದು ಹೃದಯದ ಮುಂಭಾಗಕ್ಕೆ ಇಳಿಯುವ ನಾಳ, ಮೂರನೆಯದು ಪಕ್ಕಕ್ಕೆ ಸುತ್ತುವ ಕವಲು, ನಾಲ್ಕನೆಯದು ಬಲ ನಾಳ. ಎಡ ಮುಖ್ಯ ನಾಳದಲ್ಲಿಯೇ ಕ್ಯಾಲ್ಸಿಯಂ ಇದ್ದರೆ, ಅಥವಾ ಅದು ಮೂರು ನಾಲ್ಕು ನಾಳಗಳಿಗೂ ಹರಡಿದ್ದರೆ, ಅಷ್ಟೇ ಮೊತ್ತ ಒಂದೇ ನಾಳದಲ್ಲಿ ಇರುವುದಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಈ ಸಾಲುಗಳನ್ನು ವೈದ್ಯರಿಗೆ ತೋರಿಸಿ ಕೇಳಿ.

ಮೊತ್ತದ ಅರ್ಥ ಸ್ಥೂಲವಾಗಿ ಹೀಗಿದೆ. ಸೊನ್ನೆ ಎಂದರೆ ಕಾಣುವಷ್ಟು ಕ್ಯಾಲ್ಸಿಯಂ ಇಲ್ಲ. 1ರಿಂದ 99ರವರೆಗೆ ಎಂದರೆ ನಾಳದಲ್ಲಿ ಕೊಬ್ಬು ಕಟ್ಟುವ ಕಾಯಿಲೆಯ ಪ್ರಕ್ರಿಯೆ ಆರಂಭವಾಗಿದೆ. 100 ದಾಟಿದರೆ ಗುಳಿಗೆಯ ಪರವಾಗಿ ತಕ್ಕಡಿ ಸ್ಪಷ್ಟವಾಗಿ ವಾಲುತ್ತದೆ. 300 ಅಥವಾ 400ರ ಮೇಲೆ ಎಂದರೆ ಹೊರೆ ತೀರ ಹೆಚ್ಚು. ಆದರೆ ವಯಸ್ಸನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಅಂಕಿಯನ್ನು ಓದಬಾರದು. 72ರ ಗಂಡಸಿನಲ್ಲಿ 90 ಬರುವುದು ಅಪರೂಪವೇನಲ್ಲ. 44ರ ಹೆಂಗಸಿನಲ್ಲಿ 12 ಬಂದರೆ ಮಾತ್ರ ಯೋಚಿಸಬೇಕಾದ ಸಂಗತಿ, ಏಕೆಂದರೆ ಆ ವಯಸ್ಸಿನ ಹೆಚ್ಚಿನ ಹೆಂಗಸರಲ್ಲಿ ಅದು ಸೊನ್ನೆಯೇ ಆಗಿರುತ್ತದೆ. ಇದಕ್ಕಾಗಿಯೇ ಕೆಲವು ವರದಿಗಳಲ್ಲಿ ‘ಪರ್ಸೆಂಟೈಲ್’ ಎಂಬ ಇನ್ನೊಂದು ಅಂಕಿ ಇರುತ್ತದೆ. ನಿಮ್ಮ ವಯಸ್ಸಿನ ನೂರು ಮಂದಿಯನ್ನು ಕಡಿಮೆ ಸ್ಕೋರಿನಿಂದ ಹೆಚ್ಚಿನದಕ್ಕೆ ನಿಲ್ಲಿಸಿದ ಸಾಲಿನಲ್ಲಿ ನೀವು 75ನೇ ಸ್ಥಾನಕ್ಕಿಂತ ಮೇಲಿದ್ದರೆ, ಮೊತ್ತ 100ಕ್ಕಿಂತ ಕಡಿಮೆ ಇದ್ದರೂ ಗುಳಿಗೆಯ ಬಗ್ಗೆ ಗಂಭೀರವಾಗಿ ಯೋಚಿಸಬೇಕು ಎಂಬುದು 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿಯ ಸಲಹೆ.

ಇಲ್ಲಿ ನಮ್ಮವರಿಗೆ ಸಂಬಂಧಿಸಿದ ಒಂದು ಕೊರತೆಯನ್ನು ಹೇಳಲೇಬೇಕು. ಈ ಪರ್ಸೆಂಟೈಲ್ ಲೆಕ್ಕ ಬಹುಮಟ್ಟಿಗೆ ಅಮೆರಿಕದ ‘ಮೇಸಾ’ ಅಧ್ಯಯನದಿಂದ ಬಂದದ್ದು. 2000ದಿಂದ 2002ರ ನಡುವೆ ಅದರಲ್ಲಿ ಸೇರಿಕೊಂಡ 6,814 ಜನರಲ್ಲಿ ಬಿಳಿಯರು, ಕಪ್ಪು ಜನಾಂಗದವರು, ಹಿಸ್ಪಾನಿಕ್ ಮೂಲದವರು, ಚೀನೀ ಮೂಲದವರು ಇದ್ದರು; ಭಾರತೀಯರ ಗುಂಪು ಇರಲಿಲ್ಲ. ಆ ಕೊರತೆ ತುಂಬಲೆಂದೇ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಷಿಕಾಗೋ ಪ್ರದೇಶದ ದಕ್ಷಿಣ ಏಷ್ಯಾದವರನ್ನು ಸೇರಿಸಿಕೊಂಡು ‘ಮಸಾಲಾ’ ಎಂಬ ಅಧ್ಯಯನ 2010ರಲ್ಲಿ ಶುರುವಾಯಿತು. ನಮ್ಮ ಗಂಡಸರ ಕ್ಯಾಲ್ಸಿಯಂ ಹೊರೆ ಬಿಳಿಯ ಗಂಡಸರದ್ದಕ್ಕೆ ಸಮನಾಗಿಯೂ ಉಳಿದ ಮೂರು ಗುಂಪುಗಳ ಗಂಡಸರಿಗಿಂತ ಹೆಚ್ಚಾಗಿಯೂ ಇರುವುದು ಅದರಲ್ಲಿ ಕಂಡುಬಂತು. ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು 2018ರ ಮಾರ್ಗಸೂಚಿ ಹೆಸರಿಸಿದೆ. ಹೀಗಾಗಿ ಹೃದಯದ ಅಪಾಯ ಲೆಕ್ಕ ಹಾಕುವ ವಿದೇಶಿ ಕ್ಯಾಲ್ಕುಲೇಟರ್ ‘ನಿಮ್ಮ ಅಪಾಯ ಮಧ್ಯಮ’ ಎಂದು ಹೇಳಿದರೆ ಕನ್ನಡಿಗರು ಅದನ್ನು ಸಮಾಧಾನದ ಮಾತೆಂದು ತೆಗೆದುಕೊಳ್ಳದಿರುವುದು ಒಳ್ಳೆಯದು.

ಸ್ಕ್ಯಾನನ್ನೇ ಮಾಡಿಸದವರಿಗೂ ಒಂದು ಸುಳಿವು ಮನೆಯ ಕಪಾಟಿನಲ್ಲಿ ಇರಬಹುದು. 2021ರ ಕೋವಿಡ್ ಅಲೆಯಲ್ಲಿ ಎದೆಯ ಎಚ್‌ಆರ್‌ಸಿಟಿ ಮಾಡಿಸಿಕೊಂಡವರು ಆ ಹಳೆಯ ವರದಿಯನ್ನು ತೆಗೆದು, ಶ್ವಾಸಕೋಶದ ವಿವರದ ಕೆಳಗೆ ‘ಕೊರೊನರಿ ಕ್ಯಾಲ್ಸಿಫಿಕೇಶನ್’ ಎಂಬ ಮಾತಿದೆಯೇ ಎಂದು ನೋಡಲಿ. ಅಂದಿನ ಆತಂಕದಲ್ಲಿ ಯಾರೂ ಗಮನಿಸದೆ ಬಿಟ್ಟ ಸಾಲು ಅದು.

ಎರಡನೇ ಹೆಜ್ಜೆ: ನಿಮ್ಮ ತೀರ್ಮಾನಕ್ಕೆ ಈ ಸ್ಕೋರ್ ಬೇಕಿತ್ತೇ ಎಂದು ಕೇಳಿಕೊಳ್ಳುವುದು

ಕೆಲವರ ವಿಷಯದಲ್ಲಿ ಸ್ಕೋರ್ ಏನೇ ಇದ್ದರೂ ಗುಳಿಗೆಯ ತೀರ್ಮಾನ ಮೊದಲೇ ಆಗಿರುತ್ತದೆ. ಹಿಂದೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿರುವವರು, ಸ್ಟೆಂಟ್ ಅಥವಾ ಬೈಪಾಸ್ ಆದವರು, ಎಲ್‌ಡಿಎಲ್ (ನಾಳದಲ್ಲಿ ಕೂರುವ ‘ಕೆಟ್ಟ’ ಕೊಲೆಸ್ಟ್ರಾಲ್) ಡೆಸಿಲೀಟರ್‌ಗೆ 190 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಇರುವ 40ರಿಂದ 75ರ ವಯಸ್ಸಿನವರು ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ ತೆಗೆದುಕೊಳ್ಳಬೇಕೆಂಬುದಕ್ಕೆ ಈ ಸ್ಕ್ಯಾನಿನ ಸಾಕ್ಷ್ಯ ಬೇಕಿಲ್ಲ. ಇವರಲ್ಲಿ ಯಾರಿಗಾದರೂ ಸ್ಕೋರ್ ಸೊನ್ನೆ ಬಂದಿದೆಯೆಂದು ಗುಳಿಗೆ ನಿಲ್ಲಿಸುವುದು ತಪ್ಪು. ಬೀಡಿ, ಸಿಗರೇಟು ಸೇದುವವರಿಗೂ, ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದಯದ ಕಾಯಿಲೆ ಬಂದಿರುವವರಿಗೂ ಸೊನ್ನೆ ಎಂಬುದು ಪೂರ್ತಿ ಭರವಸೆಯಲ್ಲ, ಏಕೆಂದರೆ ಇನ್ನೂ ಗಟ್ಟಿಯಾಗದ ಮೃದು ಕೊಬ್ಬಿನ ಪದರ ಈ ಸ್ಕ್ಯಾನಿನಲ್ಲಿ ಕಾಣುವುದಿಲ್ಲ.

ಸ್ಕೋರ್ ನಿಜವಾಗಿ ನೆರವಾಗುವುದು ನಡುವಿನವರಿಗೆ. ಎಲ್‌ಡಿಎಲ್ 110, 130, 150ರ ಆಸುಪಾಸು, ಬಿಪಿ ಸ್ವಲ್ಪ ಹೆಚ್ಚು, ವಯಸ್ಸು 45 ದಾಟಿದೆ, ಗುಳಿಗೆ ಬೇಕೋ ಬೇಡವೋ ಎಂದು ವೈದ್ಯರಿಗೂ ಒಂದೇ ಮಾತಿನಲ್ಲಿ ಹೇಳಲಾಗದ ಸ್ಥಿತಿ. ಅಂಥವರಿಗೆ ಈ ಸ್ಕ್ಯಾನ್ ದೇಹದ ಒಳಗೆ ಈವರೆಗೆ ಆಗಿರುವುದನ್ನು ತೋರಿಸುತ್ತದೆ.

ಮೂರನೇ ಹೆಜ್ಜೆ: ಉಳಿದ ಅಂಕಿಗಳನ್ನು ಒಂದು ಹಾಳೆಯಲ್ಲಿ ಸೇರಿಸುವುದು

ವೈದ್ಯರ ಬಳಿಗೆ ಹೋಗುವ ಮೊದಲು ಕೊಲೆಸ್ಟ್ರಾಲ್ ತಿಳಿಸುವ ಲಿಪಿಡ್ ಪ್ರೊಫೈಲ್, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಮೂತ್ರಪಿಂಡದ ಕ್ರಿಯಾಟಿನಿನ್, ಲಿವರ್ ಪರೀಕ್ಷೆಯ ಎಸ್‌ಜಿಪಿಟಿ ಮತ್ತು ಥೈರಾಯ್ಡಿನ ಟಿಎಸ್‌ಎಚ್ ಮಾಡಿಸಿಕೊಳ್ಳುವುದು ಉಪಯುಕ್ತ. ಟಿಎಸ್‌ಎಚ್ ಅನ್ನು ಅನೇಕರು ಬಿಟ್ಟುಬಿಡುತ್ತಾರೆ. ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ತಾನಾಗಿ ಏರುತ್ತದೆ, ಜೊತೆಗೆ ಸ್ಟಾಟಿನ್ ಶುರುಮಾಡಿದ ಮೇಲೆ ಮಾಂಸಖಂಡದ ನೋವು ಬರುವ ಸಂಭವವೂ ಹೆಚ್ಚುತ್ತದೆ. ಮೊದಲು ಅದನ್ನು ಸರಿಪಡಿಸಿಕೊಂಡರೆ ಎರಡು ತೊಂದರೆಗಳು ಒಟ್ಟಿಗೆ ಕಡಿಮೆಯಾಗುತ್ತವೆ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಹೆಚ್ಚಿರುವವರು ಒಟ್ಟು ಕೊಲೆಸ್ಟ್ರಾಲ್‌ನಿಂದ ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಳೆದರೆ ಬರುವ ನಾನ್-ಎಚ್‌ಡಿಎಲ್ ಅಂಕಿಯನ್ನೂ ಬರೆದುಕೊಳ್ಳಬೇಕು. ಹೊಟ್ಟೆಯ ಸುತ್ತ ಬೊಜ್ಜು, ಕಡಿಮೆ ಎಚ್‌ಡಿಎಲ್, ಹೆಚ್ಚು ಟ್ರೈಗ್ಲಿಸರೈಡ್ ಒಟ್ಟಾಗಿರುವ ನಮ್ಮ ಅನೇಕರಲ್ಲಿ ಎಲ್‌ಡಿಎಲ್ ಒಂದೇ ಅಪಾಯವನ್ನು ಪೂರ್ತಿ ಹೇಳುವುದಿಲ್ಲ.

ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣವಾದ ಲಿಪೊಪ್ರೋಟೀನ್ (ಎ) ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದು ಹುಟ್ಟಿನಿಂದಲೇ ಬಹುಮಟ್ಟಿಗೆ ನಿಗದಿಯಾಗಿರುವ ಅಂಶ. 50 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು. ಸ್ಟಾಟಿನ್ ಅದನ್ನು ಇಳಿಸುವುದಿಲ್ಲ. ಅದನ್ನು ತಿಳಿದುಕೊಳ್ಳುವುದರ ಉಪಯೋಗವೆಂದರೆ ಎಲ್‌ಡಿಎಲ್ ಅನ್ನು ಇನ್ನಷ್ಟು ಬಿಗಿಯಾಗಿ ಇಳಿಸಬೇಕೆಂಬುದು ಸ್ಪಷ್ಟವಾಗುವುದು.

ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ಕಡೆ ಇರುವ ಕನ್ನಡಿಗರ ವರದಿಗಳಲ್ಲಿ ಕೊಲೆಸ್ಟ್ರಾಲ್ ಮಿಲಿಮೋಲ್ ಲೆಕ್ಕದಲ್ಲಿರುತ್ತದೆ. ಅದನ್ನು 38.7ರಿಂದ ಗುಣಿಸಿದರೆ ಊರಿನ ಲೆಕ್ಕದ ಮಿಲಿಗ್ರಾಂ ಸಿಗುತ್ತದೆ, ಅಲ್ಲಿನ 3.3 ಎಂದರೆ ಇಲ್ಲಿನ ಸುಮಾರು 128.

ನಾಲ್ಕನೇ ಹೆಜ್ಜೆ: ಲಾಭವನ್ನು ನೂರು ಮಂದಿಯ ಲೆಕ್ಕದಲ್ಲಿ ತೂಗುವುದು

ಇದು ಈ ಇಡೀ ವಿಷಯದ ತಿರುಳು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಸ್ಟಾಟಿನ್‌ಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್-ಬೈಪಾಸ್‌ಗಳಂಥ ದೊಡ್ಡ ಘಟನೆಗಳು ಶೇಕಡಾ 22ರಷ್ಟು ಕಡಿಮೆಯಾಗುತ್ತವೆ. ಈ ಶೇಕಡಾವಾರು ಅಪಾಯ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಿಮಗೆ ಎಷ್ಟು ಲಾಭ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ನಿಮ್ಮ ಮೂಲ ಅಪಾಯ ಎಷ್ಟು, ಗುಳಿಗೆ ಎಲ್‌ಡಿಎಲ್ ಅನ್ನು ಎಷ್ಟು ಮಿಲಿಗ್ರಾಂ ಇಳಿಸುತ್ತದೆ. ಕ್ಯಾಲ್ಸಿಯಂ ಸ್ಕೋರಿನ ಬೆಲೆ ಇರುವುದು ಮೊದಲನೆಯದನ್ನು ತಿಳಿಸುವುದರಲ್ಲಿ. ಮೇಸಾ ಅಧ್ಯಯನದಲ್ಲಿ ಸ್ಕೋರ್ ಸೊನ್ನೆ ಇದ್ದವರಲ್ಲಿ ಹತ್ತು ವರ್ಷಗಳಲ್ಲಿ ಇಂಥ ಘಟನೆಗೆ ಒಳಗಾದವರು, ವಯಸ್ಸು ಮತ್ತು ಗುಂಪಿಗೆ ತಕ್ಕಂತೆ, ನೂರಕ್ಕೆ ಸುಮಾರು ಒಬ್ಬರಿಂದ ಆರು ಮಂದಿ. 300 ದಾಟಿದವರಲ್ಲಿ ಅದು ನೂರಕ್ಕೆ ಸುಮಾರು 13ರಿಂದ 26.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಒಬ್ಬ ಹೈಸ್ಕೂಲ್ ಮೇಷ್ಟರು, ವಯಸ್ಸು 52. ಬಿಪಿಗೆ ಆಮ್ಲೋಡಿಪಿನ್ ನುಂಗುತ್ತಾರೆ, ತಂದೆಗೆ 53ಕ್ಕೆ ಬೈಪಾಸ್ ಆಗಿತ್ತು, ಎಲ್‌ಡಿಎಲ್ 128, ಎಚ್‌ಬಿಎ1ಸಿ 6.0. ಸ್ಕ್ಯಾನಿನಲ್ಲಿ ಎಲ್‌ಎಡಿಯಲ್ಲಿ 140, ಬಲ ನಾಳದಲ್ಲಿ 32, ಪಕ್ಕದ ಕವಲಿನಲ್ಲಿ 8, ಒಟ್ಟು 180. ಇವರ ಹತ್ತು ವರ್ಷದ ಅಪಾಯ ನೂರಕ್ಕೆ 15 ಎಂದು ವೈದ್ಯರು ಅಂದಾಜಿಸಿದರು ಎನ್ನೋಣ. ರೋಸುವಾಸ್ಟಾಟಿನ್ 10 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಶೇಕಡಾ 45ರ ಆಸುಪಾಸು ಇಳಿಸುವುದರಿಂದ 128 ಇದ್ದದ್ದು 70ಕ್ಕೆ ಬರುತ್ತದೆ, ಅಂದರೆ 58 ಮಿಲಿಗ್ರಾಂ ಇಳಿಕೆ. ಮೇಲಿನ ಲೆಕ್ಕದಲ್ಲಿ ಅಪಾಯ 15ರಿಂದ ಹತ್ತರ ಹತ್ತಿರಕ್ಕೆ ಇಳಿಯುತ್ತದೆ. ಇಂಥ ನೂರು ಮೇಷ್ಟರು ಹತ್ತು ವರ್ಷ ಗುಳಿಗೆ ತೆಗೆದುಕೊಂಡರೆ ಸುಮಾರು ಐದು ಮಂದಿ ದೊಡ್ಡ ಘಟನೆಯಿಂದ ಪಾರಾಗುತ್ತಾರೆ. ಇದೇ ಎಲ್‌ಡಿಎಲ್ ಇದ್ದು ಸ್ಕೋರ್ ಸೊನ್ನೆ ಬಂದು, ಮೂಲ ಅಪಾಯ ನೂರಕ್ಕೆ ಮೂರು ಇರುವವರಲ್ಲಿ ಪಾರಾಗುವವರು ಒಬ್ಬರು ಮಾತ್ರ. ಗುಳಿಗೆ ಅದೇ, ಎಲ್‌ಡಿಎಲ್ ಅದೇ. ಲಾಭ ಐದು ಪಟ್ಟು ಬೇರೆ.

ಅಮೆರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ 13,644 ಜನರ ದಾಖಲೆಗಳ ಮೇಲಿನ, 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಸ್ಟಾಟಿನ್‌ನ ಲಾಭ ಎದ್ದು ಕಂಡದ್ದು ಸ್ಕೋರ್ 100 ದಾಟಿದವರಲ್ಲಿ, ಸೊನ್ನೆ ಇದ್ದವರಲ್ಲಿ ಕಾಣಲಿಲ್ಲ. ಅದು ವೀಕ್ಷಣೆಯ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ಅಂಥ ಪ್ರಯೋಗ ನಡೆದದ್ದೂ ಉಂಟು. 2005ರಲ್ಲಿ ಪ್ರಕಟವಾದ ಸೇಂಟ್ ಫ್ರಾನ್ಸಿಸ್ ಹಾರ್ಟ್ ಸ್ಟಡಿಯಲ್ಲಿ ಸ್ಕೋರ್ ಹೆಚ್ಚಿದ್ದ 1,005 ಜನರಿಗೆ ಅಟೋರ್ವಾಸ್ಟಾಟಿನ್ 20 ಮಿಲಿಗ್ರಾಂ ಜೊತೆಗೆ ವಿಟಮಿನ್ ಸಿ ಮತ್ತು ಇ, ಇಲ್ಲವೇ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಒಟ್ಟಾರೆ ವ್ಯತ್ಯಾಸ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ; 400 ದಾಟಿದವರಲ್ಲಿ ಮಾತ್ರ ಘಟನೆಗಳು ಗಣನೀಯವಾಗಿ ಕಡಿಮೆಯಾದವು. ಪ್ರಯೋಗ ಚಿಕ್ಕದು, ಅವಧಿಯೂ ಕಡಿಮೆ. ಸ್ಕೋರ್ ಹೆಚ್ಚಿದ್ದವರಿಗೆ ಸ್ಟಾಟಿನ್ ಕೊಡುವ ಸಲಹೆ ಮುಖ್ಯವಾಗಿ ನಿಂತಿರುವುದು ಎಲ್‌ಡಿಎಲ್ ಇಳಿಕೆಯ ಬಗೆಗಿನ ಅಪಾರ ಸಾಕ್ಷ್ಯದ ಮೇಲೆ. ನನ್ನ ದೃಷ್ಟಿಯಲ್ಲಿ ಆ ಸಾಕ್ಷ್ಯ ಸಾಕಷ್ಟು ಗಟ್ಟಿಯಾಗಿದೆ. ಆದರೂ ಈ ಭೇದವನ್ನು ತಿಳಿದುಕೊಂಡು ಒಪ್ಪುವುದು, ತಿಳಿಯದೆ ಒಪ್ಪುವುದಕ್ಕಿಂತ ಮೇಲು.

ಐದನೇ ಹೆಜ್ಜೆ: ಭಯಗಳನ್ನು ಒಂದೊಂದಾಗಿ ತೂಗುವುದು

ಸ್ಟಾಟಿನ್ ಎಂಬುದು ಹೊಸ ರಾಸಾಯನಿಕ, ದೇಹಕ್ಕೆ ಏನು ಮಾಡುತ್ತದೋ ಎಂಬ ಅಂಜಿಕೆ ಹಲವರಲ್ಲಿದೆ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಅನ್ನು ಪತ್ತೆಹಚ್ಚಿದರು. 1987ರಲ್ಲಿ ಲೋವಾಸ್ಟಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಇಷ್ಟು ದೀರ್ಘ ಕಾಲ, ಇಷ್ಟು ಜನರಲ್ಲಿ, ಇಷ್ಟು ಪ್ರಯೋಗಗಳಲ್ಲಿ ಪರೀಕ್ಷೆಗೆ ಒಳಗಾದ ಔಷಧಿಗಳು ಕೆಲವೇ.

ಮೈಕೈ ನೋವಿನ ದೂರು ಎಲ್ಲಕ್ಕಿಂತ ಸಾಮಾನ್ಯ. 2022ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ ಸ್ಟಾಟಿನ್ ತೆಗೆದುಕೊಂಡವರಲ್ಲಿ ಶೇಕಡಾ 27.1 ಮಂದಿ ಮಾಂಸಖಂಡದ ನೋವು ಅಥವಾ ನಿಶ್ಶಕ್ತಿ ಹೇಳಿಕೊಂಡರೆ, ಹುಸಿ ಗುಳಿಗೆ ತೆಗೆದುಕೊಂಡವರಲ್ಲೂ ಶೇಕಡಾ 26.6 ಮಂದಿ ಅದನ್ನೇ ಹೇಳಿಕೊಂಡರು. ನೋವು ಸುಳ್ಳು ಎಂದು ಇದರ ಅರ್ಥವಲ್ಲ. ಐವತ್ತು ದಾಟಿದವರಿಗೆ ನೋವು ಬರಲು ಬೇರೆ ಕಾರಣಗಳು ಬಹಳ ಇವೆ ಎಂದು ಅರ್ಥ. ನೋವು ಬಂದರೆ ತಾವಾಗಿಯೇ ಗುಳಿಗೆ ಬಿಟ್ಟು ಸುಮ್ಮನಾಗದೆ ವೈದ್ಯರಿಗೆ ತಿಳಿಸಿ, ಅವರು ಹೇಳಿದಷ್ಟು ವಾರ ನಿಲ್ಲಿಸಿ, ನೋವು ಹೋಯಿತೇ ನೋಡಿ, ಮತ್ತೆ ಕಡಿಮೆ ಪ್ರಮಾಣದಲ್ಲೋ ಬೇರೆ ಸ್ಟಾಟಿನ್‌ನಲ್ಲೋ ಶುರುಮಾಡಿದರೆ ಹೆಚ್ಚಿನವರಿಗೆ ಒಗ್ಗಿಬಿಡುತ್ತದೆ. ಆದರೆ ಮಾಂಸಖಂಡಗಳು ತೀವ್ರವಾಗಿ ಸೋತು, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದು ಅಪರೂಪದ, ತುರ್ತಾಗಿ ನೋಡಬೇಕಾದ ತೊಡಕು; ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಭಯಕ್ಕೆ ಆಧಾರವಿದೆ, ಅದನ್ನು ಮುಚ್ಚಿಡಬಾರದು. ಕಡಿಮೆ ಮತ್ತು ಮಧ್ಯಮ ಪ್ರಮಾಣದ ಸ್ಟಾಟಿನ್ ಹೊಸದಾಗಿ ಸಕ್ಕರೆ ಕಾಯಿಲೆ ಪತ್ತೆಯಾಗುವುದನ್ನು ಶೇಕಡಾ 10ರಷ್ಟು, ಹೆಚ್ಚಿನ ಪ್ರಮಾಣದ್ದು ಸುಮಾರು ಮೂರನೇ ಒಂದರಷ್ಟು ಹೆಚ್ಚಿಸುತ್ತದೆ ಎಂದು 2024ರ ವಿಶ್ಲೇಷಣೆ ತೋರಿಸಿತು. ಹಾಗೆ ಗೆರೆ ದಾಟಿದವರಲ್ಲಿ ಹೆಚ್ಚಿನವರು ಮೊದಲೇ ಗೆರೆಯ ಅಂಚಿನಲ್ಲಿದ್ದವರು. ನಮ್ಮ ಮೇಷ್ಟರ ಎಚ್‌ಬಿಎ1ಸಿ 6.0 ಇರುವುದರಿಂದ ಈ ಮಾತು ಅವರಿಗೆ ನೇರವಾಗಿ ಅನ್ವಯಿಸುತ್ತದೆ. ಅವರು ಅಗತ್ಯಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಹೋಗದೆ, ಅನ್ನದ ಪಾಲು ಇಳಿಸಿ, ದಿನವೂ ನಡೆದು, ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡಿಕೊಳ್ಳಬೇಕು. ಇದೇ ಕಾರಣಕ್ಕೆ ಸ್ಟಾಟಿನ್ ಬೇಡವೆನ್ನುವುದು ಸರಿಯಾದ ತೂಕವಲ್ಲ, ಏಕೆಂದರೆ ಸಕ್ಕರೆ ಅಂಚಿನಲ್ಲಿರುವವರ ಹೃದಯಕ್ಕೇ ಅದರ ರಕ್ಷಣೆ ಹೆಚ್ಚು ಬೇಕು.

ಲಿವರ್ ಎಂಜೈಮ್ ಅಲ್ಪಸ್ವಲ್ಪ ಏರುವುದು ಕೆಲವರಲ್ಲಿ ಕಾಣುತ್ತದೆ, ಗಂಭೀರ ಹಾನಿ ಬಹಳ ಅಪರೂಪ. ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಇದೆಯೆಂಬುದು ಸ್ಟಾಟಿನ್ ನಿರಾಕರಿಸಲು ಕಾರಣವಲ್ಲ. ಗರ್ಭ ಧರಿಸುವ ಯೋಚನೆಯಲ್ಲಿರುವ ಹೆಂಗಸರು ಮಾತ್ರ ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಸಾಮಾನ್ಯವಾಗಿ ಆ ಅವಧಿಗೆ ಗುಳಿಗೆ ನಿಲ್ಲಿಸುತ್ತಾರೆ.

ಆರನೇ ಹೆಜ್ಜೆ: ಗುಳಿಗೆ, ಪ್ರಮಾಣ, ಗುರಿ

ಅಟೋರ್ವಾಸ್ಟಾಟಿನ್ 10-20 ಮತ್ತು ರೋಸುವಾಸ್ಟಾಟಿನ್ 5-10 ಮಿಲಿಗ್ರಾಂ ಮಧ್ಯಮ ಪ್ರಮಾಣಗಳು. ಎಲ್‌ಡಿಎಲ್ ಅನ್ನು ಶೇಕಡಾ 30ರಿಂದ 49ರಷ್ಟು ಇಳಿಸುತ್ತವೆ. ಅಟೋರ್ವಾಸ್ಟಾಟಿನ್ 40-80, ರೋಸುವಾಸ್ಟಾಟಿನ್ 20-40 ಹೆಚ್ಚಿನ ಪ್ರಮಾಣಗಳು. ಶೇಕಡಾ 50 ಅಥವಾ ಅದಕ್ಕೂ ಹೆಚ್ಚು. ಏಷ್ಯಾದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಮಟ್ಟ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಕಂಡಿರುವುದರಿಂದ 5 ಮಿಲಿಗ್ರಾಂನಿಂದ ಆರಂಭಿಸುವಂತೆ ಅಮೆರಿಕದ ಔಷಧಿ ಚೀಟಿಯೇ ಸೂಚಿಸುತ್ತದೆ. ಪ್ರಮಾಣ ಎರಡು ಪಟ್ಟಾದರೆ ಇಳಿಕೆ ಎರಡು ಪಟ್ಟಾಗುವುದಿಲ್ಲ, ಶೇಕಡಾ 6ರಷ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಗುರಿ ಮುಟ್ಟದಿದ್ದಾಗ ಸ್ಟಾಟಿನ್ ಏರಿಸುತ್ತಲೇ ಹೋಗುವುದಕ್ಕಿಂತ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿ ಇನ್ನೂ ಶೇಕಡಾ 20ರ ಆಸುಪಾಸು ಇಳಿಸುವ ದಾರಿಯನ್ನು ಕೇಳಿ ನೋಡಬಹುದು. ಸ್ಟಾಟಿನ್ ನಿಜವಾಗಿಯೂ ಒಗ್ಗದವರಿಗೆ ಬೆಂಪಿಡೋಯಿಕ್ ಆಮ್ಲವೂ ಈಗ ನಮ್ಮಲ್ಲಿ ಸಿಗುತ್ತದೆ.

ಗುರಿಯ ವಿಷಯದಲ್ಲಿ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ನಮ್ಮ ದೇಶಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಸಾಮಾನ್ಯರಲ್ಲಿ ಎಲ್‌ಡಿಎಲ್ 100ಕ್ಕಿಂತ ಕಡಿಮೆ, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವಂಥ ಹೆಚ್ಚಿನ ಅಪಾಯದವರಲ್ಲಿ 70ಕ್ಕಿಂತ ಕಡಿಮೆ, ಈಗಾಗಲೇ ಹೃದಯಾಘಾತವಾದವರಂಥ ಅತಿ ಹೆಚ್ಚಿನ ಅಪಾಯದವರಲ್ಲಿ 55ಕ್ಕಿಂತ ಕಡಿಮೆ ಇರಬೇಕೆನ್ನುತ್ತದೆ ಅದು. ಲ್ಯಾಬ್ ವರದಿಯ ಪಕ್ಕದಲ್ಲಿ ಅಚ್ಚಾಗಿರುವ ‘ಸಾಮಾನ್ಯ ಮಟ್ಟ’ ನಿಮ್ಮ ಗುರಿಯಲ್ಲ ಎಂಬುದನ್ನು ಗಮನಿಸಿ. ಸ್ಕೋರ್ 100 ದಾಟಿದವರಿಗೆ ಸಾಮಾನ್ಯವಾಗಿ 70ರ ಕೆಳಗಿನ ಗುರಿ ಇಟ್ಟುಕೊಳ್ಳುತ್ತಾರೆ.

ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಸ್ಟಾಟಿನ್ ಜೊತೆಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ಫೆನೋಫೈಬ್ರೇಟ್ ಸೇರಿಸಿದ ಗುಳಿಗೆಗಳು ನಮ್ಮಲ್ಲಿ ಹೇರಳ, ಹೆಸರುಗಳೂ ಒಂದನ್ನೊಂದು ಹೋಲುತ್ತವೆ. ಕೇವಲ ಸ್ಟಾಟಿನ್ ಬೇಕಾದವರು ತಿಳಿಯದೆ ವರ್ಷಗಟ್ಟಲೆ ಆಸ್ಪಿರಿನ್ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಸ್ಕೋರ್ ಹೆಚ್ಚಿರುವ ಕೆಲವರಿಗೆ ಆಸ್ಪಿರಿನ್ ಉಪಯುಕ್ತವಾಗಬಹುದು, ಆದರೆ ಅದು ಪ್ರತ್ಯೇಕವಾಗಿ ತೂಗಬೇಕಾದ ಪ್ರಶ್ನೆ. ಜನೌಷಧಿ ಕೇಂದ್ರಗಳಲ್ಲಿ ಈ ಎರಡೂ ಸ್ಟಾಟಿನ್‌ಗಳು ಬಹಳ ಕಡಿಮೆ ಬೆಲೆಗೆ ಸಿಗುವುದರಿಂದ ಖರ್ಚಿನ ಕಾರಣಕ್ಕೆ ಬಿಡಬೇಕಾದ ಪರಿಸ್ಥಿತಿ ಸಾಮಾನ್ಯವಾಗಿ ಇರುವುದಿಲ್ಲ.

ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುವವರು ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಔಷಧಿ ಮೊದಲಾದವುಗಳನ್ನು ಯಾರಾದರೂ ಬರೆದುಕೊಟ್ಟಾಗ ತಾವು ಸ್ಟಾಟಿನ್ ಮೇಲಿರುವುದನ್ನು ಹೇಳಬೇಕು. ಚರ್ಮದ ಹುಳುಕಡ್ಡಿಗೆ ಇಟ್ರಾಕೊನಜೋಲ್ ಬರೆದುಕೊಡುವುದು ಈಗ ಸಾಮಾನ್ಯವಾಗಿದೆ. ಇವುಗಳಂತೆಯೇ ಗ್ರೇಪ್‌ಫ್ರೂಟ್ ರಸ ಹೆಚ್ಚಾದರೂ ಅಟೋರ್ವಾಸ್ಟಾಟಿನ್ ಮಟ್ಟ ರಕ್ತದಲ್ಲಿ ಏರುತ್ತದೆ. ನಮ್ಮ ದೇವನಹಳ್ಳಿಯ ಚಕ್ಕೋತವೂ ಅದೇ ಕುಲದ್ದು, ಅದೇ ಬಗೆಯ ಅಂಶಗಳು ಅದರಲ್ಲೂ ಇವೆ. ಆಗೊಮ್ಮೆ ಈಗೊಮ್ಮೆ ನಾಲ್ಕು ತೊಳೆ ತಿನ್ನುವುದು ಬೇರೆ, ದಿನವೂ ರಸ ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಿ.

ಏಳನೇ ಹೆಜ್ಜೆ: ಶುರುಮಾಡಿದ ಮೇಲೆ

ಈ ಎರಡು ಗುಳಿಗೆಗಳನ್ನು ಬೆಳಿಗ್ಗೆಯೋ ರಾತ್ರಿಯೋ, ಮರೆಯದ ಹೊತ್ತಿನಲ್ಲಿ ತೆಗೆದುಕೊಳ್ಳಬಹುದು. ನಾಲ್ಕರಿಂದ ಹನ್ನೆರಡು ವಾರಗಳೊಳಗೆ ಲಿಪಿಡ್ ಪರೀಕ್ಷೆ ಮತ್ತೆ ಮಾಡಿಸಿ. ಎಲ್‌ಡಿಎಲ್ ಇಳಿದದ್ದನ್ನು ನೋಡಿ ‘ಈಗ ಸರಿಹೋಯಿತು’ ಎಂದು ನಿಲ್ಲಿಸುವವರು ಬಹಳ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಹಳೆಯ ಮಟ್ಟಕ್ಕೆ ಮರಳುತ್ತದೆ.

ಕ್ಯಾಲ್ಸಿಯಂ ಸ್ಕ್ಯಾನನ್ನು ಮಾತ್ರ ವರ್ಷವರ್ಷ ಮಾಡಿಸಬೇಡಿ. ಹುಣ್ಣಿನ ಮೇಲೆ ಕಟ್ಟಿದ ಹಕ್ಕಳೆಯಂತೆ ಈ ಕ್ಯಾಲ್ಸಿಯಂ ಹಳೆಯ ಗಾಯದ ಗುರುತು. ಸ್ಟಾಟಿನ್ ಮೃದುವಾದ, ಒಡೆಯುವ ಸಂಭವ ಹೆಚ್ಚಿರುವ ಕೊಬ್ಬಿನ ಪದರವನ್ನು ಗಟ್ಟಿಗೊಳಿಸುವುದರಿಂದ ಸ್ಕೋರ್ ಇನ್ನಷ್ಟು ಏರುವುದೂ ಉಂಟು. ಗುಳಿಗೆ ನುಂಗಿಯೂ 180 ಇದ್ದದ್ದು 230 ಆಯಿತಲ್ಲ ಎಂದು ಹೆದರಿ ಗುಳಿಗೆ ಬಿಟ್ಟರೆ, ಅದು ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಬಿಟ್ಟಂತಾಗುತ್ತದೆ. ಇನ್ನು ಮುಂದೆ ನೋಡಬೇಕಾದದ್ದು ಎಲ್‌ಡಿಎಲ್, ಬಿಪಿ, ಎಚ್‌ಬಿಎ1ಸಿ.

ಸ್ಕೋರ್ ಹೆಚ್ಚಿದೆಯೆಂಬ ಒಂದೇ ಕಾರಣಕ್ಕೆ ಲಕ್ಷಣವಿಲ್ಲದವರು ಆಂಜಿಯೋಗ್ರಾಮ್‌ಗೆ ಧಾವಿಸಬೇಕಿಲ್ಲ. ಕ್ಯಾಲ್ಸಿಯಂ ಎಷ್ಟಿದೆ ಎಂಬುದರಿಂದ ನಾಳ ಎಷ್ಟು ಮುಚ್ಚಿದೆ ಎಂಬುದು ತಿಳಿಯುವುದಿಲ್ಲ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಪ್ರಯೋಗದಲ್ಲಿ, ಪರೀಕ್ಷೆಯಲ್ಲಿ ಗಣನೀಯ ರಕ್ತ ಕೊರತೆ ಕಂಡಿದ್ದ 5,179 ಸ್ಥಿರ ರೋಗಿಗಳಲ್ಲಿಯೂ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಕಡೆಗೆ ಹೋದದ್ದರಿಂದ, ಒಳ್ಳೆಯ ಔಷಧೋಪಚಾರಕ್ಕೆ ಹೋಲಿಸಿದರೆ ಸಾವುಗಳು ಕಡಿಮೆಯಾಗಲಿಲ್ಲ. ಸ್ಕೋರ್ ತೀರ ಹೆಚ್ಚಿದ್ದರೆ ಅಥವಾ ಎಡ ಮುಖ್ಯ ನಾಳದಲ್ಲಿದ್ದರೆ ಹೃದ್ರೋಗ ತಜ್ಞರು ಮುಂದಿನ ಪರೀಕ್ಷೆ ಹೇಳಬಹುದು. ಆಗ ‘ಈ ಪರೀಕ್ಷೆಯ ಫಲಿತಾಂಶ ನನ್ನ ಚಿಕಿತ್ಸೆಯನ್ನು ಹೇಗೆ ಬದಲಾಯಿಸುತ್ತದೆ’ ಎಂದು ಕೇಳುವ ಹಕ್ಕು ನಿಮಗಿದೆ.

ಊಟದ ಬಗ್ಗೆ ಕೇಳಿಬರುವ ಮೊದಲ ಪ್ರಶ್ನೆ ರಾಗಿಯದು. ನಾಳದಲ್ಲಿ ಕ್ಯಾಲ್ಸಿಯಂ ಕೂತಿದೆಯೆಂದು ರಾಗಿ ಮುದ್ದೆ, ಹಾಲು, ಮೊಸರು ಬಿಡುವವರಿದ್ದಾರೆ. ಬಿಡಬೇಕಾದದ್ದು ಅವಲ್ಲ. ನಾಳದ ಗೋಡೆಯ ಉರಿಯೂತ ಮತ್ತು ಕೊಬ್ಬಿನಿಂದ ಅಲ್ಲಿ ಕ್ಯಾಲ್ಸಿಯಂ ಸೇರುತ್ತದೆ, ತಟ್ಟೆಯ ರಾಗಿಯಿಂದಲ್ಲ. ಕಡಿಮೆ ಮಾಡಬೇಕಾದದ್ದು ತಾಳೆ ಎಣ್ಣೆ, ವನಸ್ಪತಿ, ತುಪ್ಪ ಮತ್ತು ಕರಾವಳಿ, ಮಲೆನಾಡುಗಳಲ್ಲಿ ಕೈಬಿಡಲು ಕಷ್ಟವಾದ ತೆಂಗಿನೆಣ್ಣೆ. ಪೂರ್ತಿ ಬಿಡುವುದಲ್ಲ, ದಿನದ ಅಳತೆ ಇಳಿಸುವುದು. ತಂಬಾಕು ಮಾತ್ರ ಪೂರ್ತಿ ಬಿಡಬೇಕು. ಕ್ಯಾಲ್ಸಿಯಂ ಗುಳಿಗೆಗಳನ್ನು ಸ್ವಂತ ನಿರ್ಧಾರದಿಂದ ನುಂಗುತ್ತಿರುವವರು ಅವು ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಲಿ. ನಾಳದ ಕ್ಯಾಲ್ಸಿಯಂ ಕರಗಿಸುತ್ತೇವೆ ಎಂದು ಮಾರುವ ಕಷಾಯ, ಡ್ರಿಪ್, ವಿಟಮಿನ್‌ಗಳಿಗೆ ಹಣ ಸುರಿಯಬೇಡಿ. ಹಾಗೆ ಕರಗಿಸಿ ಹೃದಯಾಘಾತ ತಪ್ಪಿಸುತ್ತದೆಂದು ದೃಢಪಟ್ಟ ಔಷಧಿ ಇನ್ನೂ ಇಲ್ಲ.

ಬೇಡ ಎನ್ನುವುದೂ ಕೆಲವೊಮ್ಮೆ ಸರಿಯಾದ ತೀರ್ಮಾನ. ಸ್ಕೋರ್ ಸೊನ್ನೆ, ಸಕ್ಕರೆ ಇಲ್ಲ, ತಂಬಾಕು ಇಲ್ಲ, ಮನೆತನದಲ್ಲಿ ಬೇಗ ಬಂದ ಹೃದ್ರೋಗ ಇಲ್ಲ ಎನ್ನುವವರು ಗುಳಿಗೆ ಮುಂದೂಡಿ, ಮೂರರಿಂದ ಏಳು ವರ್ಷಗಳ ನಡುವೆ ವೈದ್ಯರು ಹೇಳಿದಾಗ ಮತ್ತೊಮ್ಮೆ ನೋಡಿಸಬಹುದು. 75 ದಾಟಿದವರಲ್ಲಿ, ಅದುವರೆಗೆ ಹೃದಯದ ತೊಂದರೆ ಬಂದಿಲ್ಲದಿದ್ದರೆ, ಹೊಸದಾಗಿ ಶುರುಮಾಡುವುದರ ಬಗ್ಗೆ ಪ್ರಯೋಗಗಳ ಸಾಕ್ಷ್ಯ ಕಡಿಮೆ. ಆ ವಯಸ್ಸಿನಲ್ಲಿ ಬೇರೆ ಕಾಯಿಲೆಗಳು, ಈಗಾಗಲೇ ನುಂಗುತ್ತಿರುವ ಗುಳಿಗೆಗಳು, ಅವರು ಸ್ವತಃ ಏನು ಬಯಸುತ್ತಾರೆ ಎಂಬುದು, ಎಲ್ಲವೂ ತೂಕಕ್ಕೆ ಬರಬೇಕು. ಅಜ್ಜನ ಗುಳಿಗೆಯನ್ನು ಮಕ್ಕಳು ಅವರನ್ನು ಕೇಳದೆಯೇ ನಿರ್ಧರಿಸುವುದು ನಮ್ಮ ಮನೆಗಳಲ್ಲಿ ಬಹಳ ಸಾಮಾನ್ಯ, ಅದು ತಪ್ಪಬೇಕು.

50ರೊಳಗೇ ಸ್ಕೋರ್ ಹೆಚ್ಚು ಬಂದವರು ಇನ್ನೊಂದು ಕೆಲಸ ಮಾಡಬೇಕು. ನಿಮ್ಮ ಒಡಹುಟ್ಟಿದವರಿಗೂ, 18 ತುಂಬಿದ ಮಕ್ಕಳಿಗೂ ಲಿಪಿಡ್ ಪ್ರೊಫೈಲ್ ಮಾಡಿಸಿ. ಅದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ. ಅವರಲ್ಲಿ ಯಾರದ್ದಾದರೂ ಎಲ್‌ಡಿಎಲ್ 190 ಮುಟ್ಟಿದ್ದರೆ ಅದು ಮನೆತನದಲ್ಲಿ ಹರಿದು ಬಂದ ಕೊಲೆಸ್ಟ್ರಾಲ್ ಕಾಯಿಲೆ ಇರಬಹುದು, ಅವರಿಗೆ ಸ್ಕ್ಯಾನಿಗೆ ಕಾಯದೆಯೇ ಚಿಕಿತ್ಸೆ ಬೇಕಾಗುತ್ತದೆ.